ಒಣ ಬಂಗಡೆಗೆ ಹತ್ತಿದ ಹೊಗೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಕಲಿತದ್ದು ಮೀಸೆ ಬಂದ ಮೇಲೆ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಂಕೋಲಾದ ಹತ್ತಿರ ಸಮುದ್ರದ ದಂಡೆಯಲ್ಲಿ ನಮ್ಮ ಮನೆ. ಬೇಸಿಗೆಯಲ್ಲಿ ನನ್ನ ಹೆಂಡತಿ ಬಂಗಡೆ ಒಣಗಿಸುತ್ತಾಳೆ. ರಾಮನಗುಳಿ ಕಡೆಯ ಹಲವು ಮನೆಗಳಿಗೆ ಮಳೆಗಾಲದ ಒಣಮೀನು ಅವಳದೇ. ಹೋದ ವರ್ಷ ನಮ್ಮ ಹಿಂದಿರುವ ಚಿಕ್ಕ ಆಸ್ಪತ್ರೆಯ ಕಸ ಒಯ್ಯುವ ಗಾಡಿ ಬರುವುದು ನಿಂತಿತು. ಅವರು ಸಿರಿಂಜು, ಕೈಗವಸು, ಸಲೈನ್ ಪೈಪು, ರಕ್ತ ಮೆತ್ತಿದ ಬ್ಯಾಂಡೇಜು ಎಲ್ಲ ಡ್ರಮ್ಮಿಗೆ ತುಂಬಿ ದಿನಾ ಬೆಳಿಗ್ಗೆ ಸುಡತೊಡಗಿದರು. ಬೆಳಗಿನ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಕರಿ ಹೊಗೆ ನಮ್ಮನ್ನು ಕೆಮ್ಮಿಸಿ, ಕಣ್ಣು ಉರಿಸಿ, ನೇರ ಹೋಗಿ ಬಂಗಡೆಯ ಮೇಲೆ ಕೂರುತ್ತಿತ್ತು.

ರಾಮನಗುಳಿಯ ಗಿರಾಕಿಯೊಬ್ಬಳು ಬಸ್ಸು ಹತ್ತಿ ಬಂದು ಮೀನು ವಾಪಸ್ಸು ಕೊಟ್ಟಳು.

"ಅಕ್ಕಾ, ಇದ್ರ ಸಾರು ಉಂಡ್ರೆ ವಾರ್ಡಲ್ಲಿ ಕೂತು ಉಂಡಂಗೆ ಆಯ್ತದೆ."

ಅವಳ ಹಿಂದೆ ಉಳಿದ ಮನೆಗಳೂ ಕೈತಪ್ಪುತ್ತವೆ ಎಂದು ಹೆಂಡತಿಗೆ ನಿದ್ದೆ ಹತ್ತಲಿಲ್ಲ. ನಾನು ಆಸ್ಪತ್ರೆಗೆ ಹೋದೆ. ಮ್ಯಾನೇಜರು ಮೂಗಿಗೆ ಕರ್ಚೀಪು ಹಿಡಿದು, ಮೀನು ಒಣಗಿಸುವವರು ವಾಸನೆಯ ದೂರು ತಂದದ್ದು ಇದೇ ಮೊದಲು ಎಂದರು. ಮನೆಗೆ ಬಂದು ಅದನ್ನೇ ಹೇಳಿದೆ. ಹೆಂಡತಿ ಅಂದಳು, "ಮೀನು ಮೀನಿನಂಗೇ ನಾರ್ಬೇಕು. ಅಷ್ಟು ಹೇಳೂಕೆ ಬರ್ಲಿಲ್ವಾ ನಿಮ್ಗೆ?"

ಕಾರವಾರದ ಮಾಲಿನ್ಯ ನಿಯಂತ್ರಣ ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿಯ ಸಾಹೇಬರು ಬಂದರು, ಆದರೆ ಮಧ್ಯಾಹ್ನ. ಅಷ್ಟೊತ್ತಿಗೆ ಡ್ರಮ್ಮು ತಣ್ಣಗಾಗಿತ್ತು, ಗಾಳಿಯೂ ತಿರುಗಿ ಸಮುದ್ರದಿಂದ ಬೀಸುತ್ತಿತ್ತು. ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, ಮೀನಿನ ವಾಸನೆ ಬಿಟ್ಟರೆ ಏನೂ ಇಲ್ಲವಲ್ಲ ಎಂದರು. ಹೊರಡುವಾಗ ಒಣ ಬಂಗಡೆ ಕೇಳಿದರು.

"ಬ್ಯಾಡ ಸಾಹೇಬ್ರೆ, ಅದು ತಿನ್ನೂಕೆ ಆಗೂದಿಲ್ಲ," ಎಂದಳು ಹೆಂಡತಿ.

ದೂರು ಗಟ್ಟಿ ಮಾಡಲು ಹೀಗೆ ಹೇಳುತ್ತಾಳೆ ಎಂದು ಅವರು ತಿಳಿದರು. ತಾವೇ ಚಾಪೆಯಿಂದ ಆರಿಸಿಕೊಂಡರು.

"ಆಮೇಲೆ ನನ್ನ ಬೈಯೂದಲ್ಲ ಮತ್ತೆ," ಎಂದಳು ಇವಳು.

ಮಾರನೇ ದಿನ ನಾವು ಚಾ ಕುಡಿಯುವ ಮೊದಲೇ ಸಾಹೇಬರ ಜೀಪು ಬಂತು. ಹಿಂದಿನ ರಾತ್ರಿ ಅವರ ಮನೆಯಲ್ಲಿ ಬಂಗಡೆ ಕಾವಲಿಗೆ ಬಿದ್ದದ್ದೇ ತಡ, ಎಲ್ಲೋ ವೈರು ಸುಡುತ್ತಿದೆ ಎಂದು ಪಕ್ಕದ ಮನೆಯವರು ಮೇನ್ ಸ್ವಿಚ್ ಆರಿಸಲು ಓಡಿ ಬಂದರಂತೆ. ಊಟಕ್ಕೆ ಕೂತ ಸಾಹೇಬರ ಅತ್ತೆ ತಟ್ಟೆ ದೂಡಿ, ಮೀನಿಗೆ ಯಾರು ಇಂಜೆಕ್ಷನ್ ಕೊಟ್ಟರು ಎಂದು ಕೇಳಿದರಂತೆ. ಇಷ್ಟು ಹೇಳುವಷ್ಟರಲ್ಲಿ ಡ್ರಮ್ಮಿನ ಹೊಗೆ ಸಾಹೇಬರ ಮುಖಕ್ಕೇ ಬಂತು. ಕೆಮ್ಮುತ್ತಲೇ ಆಸ್ಪತ್ರೆಯ ಒಳಗೆ ಹೋದರು. ಆ ವಾರದಲ್ಲೇ ಡ್ರಮ್ಮು ಎದ್ದಿತು, ಗಾಡಿ ಬರತೊಡಗಿತು.

ಹೊಗೆ ಕುಡಿದು ಉಳಿದಿದ್ದ ಬಂಗಡೆಯಲ್ಲಿ ಒಂದನ್ನೂ ಹೆಂಡತಿ ಮಾರಲಿಲ್ಲ, ಎಲ್ಲ ಹೂಳಿಸಿದಳು. ಮಳೆ ಹತ್ತಿರ ಬಂದಿತ್ತು. ಹೊಸ ಮೀನು ತಂದು, ಉಪ್ಪು ಹಾಕಿ, ದಿನವೂ ಮೋಡ ನೋಡುತ್ತ ಒಣಗಿಸಿದಳು. ಅಷ್ಟರಲ್ಲಿ ಸಾಹೇಬರ ಫೋನು: ಈಗ ಒಳ್ಳೆಯದು ಸಿಗುತ್ತದೆಯೇ ಎಂದು.

"ಸಿಗ್ತದೆ ಸಾಹೇಬ್ರೆ. ಮೊದ್ಲು ರಾಮನಗುಳಿಯವ್ರಿಗೆ ಕೊಡ್ತೆ, ಉಳಿದ್ರೆ ನಿಮ್ಗೆ."

ನಿಮ್ಮೂರಿನ ಹೊಗೆಯೂ ಹೀಗೆ ಯಾರದಾದರೂ ಅಡಿಗೆಮನೆ ಹೊಕ್ಕಿದ್ದರೆ ಬರೆದು ತಿಳಿಸಿ. ನಾನು ಓದುವುದು ನಿಧಾನ, ಆದರೆ ಪೂರ್ತಿ ಓದುತ್ತೇನೆ.