ಸೋಮವಾರದ ರುಜು

ಈಗ ಬರೆಯಲಿರುವುದು ನಿಜವಾಗಿ ನಡೆಯಿತೇ ಎಂದು ಯಾರಾದರೂ ಕೇಳಿದರೆ, ನಡೆದಿರಬೇಕು ಎನ್ನುವುದಕ್ಕಿಂತ ಹೆಚ್ಚು ಹೇಳಲಾರೆ. ದೆವ್ವ, ಗಾಳಿ, ದೃಷ್ಟಿ ಇವನ್ನು ನಾನು ಎಂದೂ ನಂಬಿದವನಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಕಾಲೇಜಿನ ಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ದೆವ್ವ ಕಾಣುವವರಲ್ಲಿ ಹೆಚ್ಚಿನವರಿಗೆ ಅಜೀರ್ಣ, ಉಳಿದವರಿಗೆ ಜ್ವರ ಎಂಬುದು ಅದರ ಸಾರ. ಜ್ವರದ ಮಾತು ಒಂದು ದಿನ ನನ್ನ ಕಡೆಗೇ ತಿರುಗುತ್ತದೆಂದು ಆಗ ತಿಳಿದಿರಲಿಲ್ಲ.

ರಾಜ್ಯ ಒಂದಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ನಮ್ಮದು ಬೋಗಾದಿ. ಆಗ ಅದು ಹೊಲಗಳ ನಡುವಿನ ಹಳ್ಳಿ; ಮೈಸೂರು ಪೇಟೆಗೆ ಹೋಗಬೇಕಾದರೆ ಒಂದೂಕಾಲು ಗಂಟೆ ನಡೆಯಬೇಕು. ಊರಿಗೆ ನಾನೇ ಮೊದಲ ಪದವೀಧರ. ಪದವಿ ಬಂದು ಒಂದೂವರೆ ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಅರ್ಜಿ ಟೈಪು ಮಾಡಿಸುವುದು, ಅಂಕಪಟ್ಟಿಯ ನಕಲಿಗೆ ರುಜು ಹಾಕಿಸಲು ಅಧಿಕಾರಿಗಳ ಮನೆ ಜಗಲಿಯಲ್ಲಿ ಕಾಯುವುದು, ಅಂಚೆಯವನ ದಾರಿ ನೋಡುವುದು, ಇಷ್ಟೇ ನನ್ನ ಉದ್ಯೋಗ. ಎಮ್ಮೆ ಹೊಡೆದುಕೊಂಡು ಕೆರೆಗೆ ಹೋಗುವಾಗ ಅರಳಿಕಟ್ಟೆಯಲ್ಲಿ ಕೂತವರು, "ಬಿಯೆಸ್ಸಿ ಎಮ್ಮೆ ಕಣ್ರಪ್ಪಾ, ದಾರಿ ಬುಡಿ" ಎನ್ನುತ್ತಿದ್ದರು. ಅಪ್ಪ ತೀರಿಕೊಂಡಿದ್ದರು. ನನ್ನನ್ನು ಓದಿಸಿದ ಅವ್ವ ಆ ಮಾತು ಕೇಳಿಸದವಳಂತೆ ನಡೆದುಬಿಡುತ್ತಿದ್ದಳು.

ಕೊನೆಗೆ ಒಂದು ಶುಕ್ರವಾರ ಆದೇಶ ಬಂತು. ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಸೋಮವಾರ ಪೂರ್ವಾಹ್ನ ಹಾಜರಾಗಬೇಕು. ತಪ್ಪಿದರೆ ನೇಮಕ ರದ್ದಾಗಿ ಕೆಲಸ ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಮಾರನೆಯ ದಿನವೇ ಚಳಿ ಹಿಡಿಯಿತು. ಭಾನುವಾರದ ಹೊತ್ತಿಗೆ ಮೈ ಕೆಂಡವಾಗಿತ್ತು. ಜ್ವರ ಬಂದವರ ತಲೆಯ ಬಳಿ ಕಬ್ಬಿಣ ಇರಬೇಕು ಎಂಬುದು ಅವ್ವನ ನಂಬಿಕೆ. ದಿಂಬಿನ ಕೆಳಗೆ ಇಡಲು ಕುಡುಗೋಲು ತಂದಳು. "ಕತ್ತು ಕುಯ್ಯಕ್ಕಾ?" ಎಂದು ರೇಗಿ ವಾಪಸು ಕಳಿಸಿದೆ. ಸೋಮವಾರ ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿಸಿಟ್ಟಿದ್ದ ಅಂಗಿ ತೊಟ್ಟದ್ದು ನೆನಪಿದೆ. ಹೊಸಿಲ ಬಳಿ ಕಾಲು ಕುಸಿದದ್ದು ನೆನಪಿದೆ. ಅಲ್ಲಿಂದ ಮುಂದೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ದೀಪ ಹಚ್ಚುವ ಹೊತ್ತು. ಹಾಸಿಗೆಯ ಮೇಲಿದ್ದೆ. ಕಾಂಪೌಂಡರ್ ಮಾದಪ್ಪನವರು ಸೈಕಲ್ಲಿನಲ್ಲಿ ಬಂದು, ಸೂಜಿ ಚುಚ್ಚಿ, ಮೂರು ದಿನ ಮಲಗಿರಬೇಕೆಂದು ಚೀಟಿ ಬರೆದಿಟ್ಟು ಹೋದರೆಂದು ಅವ್ವ ಹೇಳಿದಳು. ಪೂರ್ವಾಹ್ನ ಮುಗಿದುಹೋಗಿತ್ತು. ಗೋಡೆಯ ಕಡೆ ಹೊರಳಿ ಅತ್ತೆ.

ಮಂಗಳವಾರ ಜ್ವರ ಬಿಟ್ಟಿತ್ತು. ಬೇರೆ ಅಂಗಿ ತೊಟ್ಟು, ಕಾಂಪೌಂಡರರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಮಾರುಕಟ್ಟೆಗೆ ಬದನೆಕಾಯಿ ಒಯ್ಯುವ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಬೇಡಿಕೊಳ್ಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಕಚೇರಿಯ ಬಾಗಿಲಲ್ಲಿ ಕೂತಿದ್ದ ಜವಾನ ನನ್ನನ್ನು ಕಂಡು ಪರಿಚಯದವನಂತೆ ನಕ್ಕ. ಒಳಗೆ ಹೆಡ್ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು.

"ಏನ್ರೀ, ಎರಡನೇ ದಿನಕ್ಕೇ ಲೇಟಾ?"

ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದಾರೆ ಅನ್ನಿಸಿತು. ಹೆಸರು ಹೇಳಿದೆ. ಗೊತ್ತಿದೆ ಎನ್ನುವಂತೆ ತಲೆಯಾಡಿಸಿ ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಕೊನೆಯ ಸಾಲಿನಲ್ಲಿ ನನ್ನ ಹೆಸರು. ಸೋಮವಾರದ ಅಂಕಣದಲ್ಲಿ ನನ್ನ ರುಜು, ಅದರ ಕೆಳಗೆ ಬಂದ ವೇಳೆ: ಹತ್ತು ಗಂಟೆ ಐವತ್ತೇಳು ನಿಮಿಷ. ಏಳರ ಅಂಕಿಗೆ ನಡುವೆ ಒಂದು ಅಡ್ಡಗೆರೆ. ಲ್ಯಾಬೊರೇಟರಿಯಲ್ಲಿ ಕಲಿತ ಅಭ್ಯಾಸ ಅದು. ನಾನು ಏಳನ್ನು ಹಾಗೇ ಬರೆಯುತ್ತೇನೆ.

"ಯಾಕ್ರೀ ಹಂಗೆ ನೋಡ್ತೀರಿ? ನಿಮ್ಮದೇ ತಾನೆ?"

ಜೇಬಿನೊಳಗೆ ನನ್ನ ಬೆರಳು ಚೀಟಿಯ ಮೇಲಿತ್ತು. ಅದನ್ನು ಹೊರಗೆ ತೆಗೆದರೆ ಆ ರುಜು ಸುಳ್ಳಾಗುತ್ತದೆ, ಕೆಲಸ ಮುಂದಿನವನ ಪಾಲಾಗುತ್ತದೆ. ಚೀಟಿಯನ್ನು ಜೇಬಿನ ತಳಕ್ಕೆ ತಳ್ಳಿದೆ.

"ನಂದೇ ಸಾರ್" ಎಂದೆ.

ನನ್ನ ಜಾಗ ಯಾವುದೆಂದು ಕೇಳುವಂತಿರಲಿಲ್ಲ. ಖಾಲಿಯಿದ್ದ ಒಂದೇ ಕುರ್ಚಿಯಲ್ಲಿ ಹೋಗಿ ಕೂತೆ. ಜವಾನ ಹಿಂದೆಯೇ ಬಂದು ಕೈ ಚಾಚಿದ. "ಬೀರು ಬೀಗದ ಕೈ ಕೊಡಿ ಸಾರ್. ನಿನ್ನೆ ಜೇಬಿಗಾಕ್ಕೊಂಡೇ ಓಗ್ಬುಟ್ರಿ."

ಮನೆಯಲ್ಲಿ ಮರೆತು ಬಂದಿದ್ದೇನೆ, ನಾಳೆ ತರುತ್ತೇನೆ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಅವನು ಮೇಜಿನ ಮೇಲೆ ನೀರಿನ ಹೂಜಿ ಇಟ್ಟ. ನಿನ್ನೆ ನಾನು ಯಾರೊಡನೆಯೂ ಮಾತಾಡದೆ ಇಂಥ ಮೂರು ಹೂಜಿ ನೀರು ಕುಡಿದೆನಂತೆ. ಮುಂದಿದ್ದ ರವಾನೆ ಪುಸ್ತಕ ತೆರೆದರೆ ಒಂದು ಪುಟ ತುಂಬ ನನ್ನ ಅಕ್ಷರ. ಯಾರೋ ನನ್ನ ಹೆಸರಿನಲ್ಲಿ ಬಂದು ಹೋಗಿರಬಹುದೇ ಎಂದು ಯೋಚಿಸಿದೆ. ನನ್ನ ಕೈಬರಹ ಕಲಿತು, ಒಂದು ದಿನ ದುಡಿದು, ಕೆಲಸವನ್ನು ನನಗೇ ಬಿಟ್ಟುಹೋಗುವ ಪುಣ್ಯಾತ್ಮ ಯಾರು? ಹಾಗಾದರೆ ನಾನೇ ಬಂದಿದ್ದೆನೇ? ಜ್ವರದ ಅಮಲಿನಲ್ಲಿ ಅಷ್ಟು ದೂರ ನಡೆದು, ದುಡಿದು, ಮತ್ತೆ ಅಷ್ಟು ದೂರ ನಡೆದು? ಮಧ್ಯಾಹ್ನ ಕಚೇರಿಯ ಹಿಂದಿನ ಬೇವಿನ ಮರದಡಿ ಚೀಟಿಯನ್ನು ಚೂರುಚೂರು ಮಾಡಿ ಎಸೆದೆ.

ಸಂಜೆ ಮನೆಗೆ ಬಂದವನು ಅವ್ವನನ್ನು ಕೂರಿಸಿಕೊಂಡು ಕೇಳಿದೆ. ನಾನು ಹಾಸಿಗೆ ಬಿಟ್ಟು ಏಳಲೇ ಇಲ್ಲ ಎಂದಳು. ಎಮ್ಮೆಗೆ ನೀರು ಕುಡಿಸಲು ಮಾತ್ರ ಅವಳು ಹೊರಗೆ ಹೋಗಿದ್ದಳು. ಮಾದಪ್ಪನವರು ಎಷ್ಟು ಗಂಟೆಗೆ ಬಂದಿದ್ದರು ಎಂದರೆ, "ಒತ್ತೇರಿತ್ತು ಕಣಪ್ಪ, ಗಂಟೆ ಗಿಂಟೆ ನಂಗೇನ್ ಗೊತ್ತು" ಎಂದಳು. ಮಲಗಲು ದಿಂಬು ಸರಿಸಿದೆ. ಅದರ ಕೆಳಗೆ ಒಂದು ಬೀಗದ ಕೈ ಇತ್ತು. ಕರಿ ಕಬ್ಬಿಣದ್ದು, ಬೆರಳುದ್ದ. ನಮ್ಮ ಮನೆಯಲ್ಲಿ ಅಂಥ ಬೀಗವೇ ಇರಲಿಲ್ಲ.

"ಕುಡುಗೋಲು ಬ್ಯಾಡ ಅಂದ್ಯಲ್ಲ" ಎಂದಳು ಅವ್ವ. "ನೆನ್ನೆ ದೀಪ ಅಚ್ಚೋ ಒತ್ನಲ್ಲಿ ನೀನು ಬೆವ್ತಿದ್ದೆ. ನಾನೇ ನಿನ್ ಅಂಗಿ ಬಿಚ್ದೆ. ಜೇಬಲ್ಲಿತ್ತು. ಕಬ್ಬಿಣ ತಾನೆ ಅಂತ ಮಡಗ್ದೆ."

ಮರುದಿನ ಅದನ್ನು ಜವಾನನ ಕೈಗೆ ಕೊಟ್ಟೆ. ಬೀರು ತೆರೆಯಿತು.

ಆ ಕೆಲಸದಿಂದಲೇ, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ತಂಗಿಯ ಮದುವೆಯಾಯಿತು, ನನ್ನ ಸಂಸಾರ ನಡೆಯಿತು. ಅರಳಿಕಟ್ಟೆಯವರು ತಮ್ಮ ಮಕ್ಕಳ ಅರ್ಜಿ ಹಿಡಿದು ನನ್ನ ಬಳಿಗೇ ಬಂದರು. ಯಾರಿಗೂ ಇದನ್ನು ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯ ಮೊದಮೊದಲು, ಆಮೇಲೆ ನಾಚಿಕೆ. ಜ್ವರದಲ್ಲಿ ನಾನೇ ಹೋಗಿ ಬಂದಿರಬೇಕು, ಅವ್ವ ಮಗನ ಆರೈಕೆಯ ಗಡಿಬಿಡಿಯಲ್ಲಿ ಏನೋ ತಪ್ಪು ತಿಳಿದಿರಬೇಕು, ಮಾದಪ್ಪನವರು ಬಂದದ್ದು ಸಂಜೆಗೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎಷ್ಟೋ ವರ್ಷ ಆ ಸಮಾಧಾನ ನಡೆಯಿತು.

ನಿವೃತ್ತನಾದ ಮೇಲೆ ಒಮ್ಮೆ ಮಾದಪ್ಪನವರ ಮಗನ ಮನೆಗೆ ಹೋಗಿದ್ದೆ. ಯಾರಿಗೆ, ಯಾವ ಹೊತ್ತಿನಲ್ಲಿ, ಏನು ಔಷಧಿ ಕೊಟ್ಟೆ ಎಂದು ತಂದೆ ಬರೆದಿಡುತ್ತಿದ್ದ ಪುಸ್ತಕಗಳನ್ನು ಮಗ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ಆ ಸೋಮವಾರದ ಪುಟ ಸಿಕ್ಕಿತು. ಬೋಗಾದಿ, ನನ್ನ ಹೆಸರು, ಜ್ವರ ನೂರ ಮೂರು, ರೋಗಿ ಎದ್ದು ಕೂರಲಾರ. ವೇಳೆ, ಬೆಳಿಗ್ಗೆ ಹನ್ನೊಂದು ಗಂಟೆ.