ಸುಳ್ಳು ರೋಗಿಯ ಬುತ್ತಿ

ಮೊನ್ನೆ ಔಷಧಿ ಕೋಣೆಯ ಬೀಗ ತೆಗೆಯುತ್ತಿದ್ದಾಗ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆ ಬಂತು. ದವಾಖಾನೆಯ ವಾಸನೆಯನ್ನು ಮೀರಿಸುವ ತಾಕತ್ತು ಅದಕ್ಕೊಂದಕ್ಕೇ ಇದೆ ನೋಡಿ. ನನ್ನ ಮೂಗು ಸೀದಾ ಕೊರೋನಾ ಕಾಲಕ್ಕೆ ಓಡಿತು.

ಆಗ ಹುನಗುಂದದ ಆಚೆಗಿನ ನಮ್ಮ ಸಣ್ಣ ದವಾಖಾನೆಯಲ್ಲಿ ಮೀಟಿಂಗೋ ಮೀಟಿಂಗು. ಕರೆಂಟು ಹೋದರೆ? ಆಕ್ಸಿಜನ್ ತೀರಿದರೆ? ನರ್ಸುಗಳೇ ಮಲಗಿದರೆ? ಔಷಧಿ ಕೊಡುವ ನಾನು ಎಲ್ಲದಕ್ಕೂ ತಲೆಯಾಡಿಸುವುದರಲ್ಲಿ ನಿಸ್ಸೀಮ. ಕೊನೆಗೆ ಒಂದು ಅಣಕು ಪರೀಕ್ಷೆ ಮಾಡೋಣ, ಸುಳ್ಳು ರೋಗಿಯೊಬ್ಬ ಬೇಕು ಎಂದರು ಡಾಕ್ಟರಮ್ಮ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಗೆಳೆಯ ಸಂಗಪ್ಪನನ್ನು ನಾನೇ ಒಪ್ಪಿಸಿದೆ. ಮಲಗುವ ಕೆಲಸವೆಂದರೆ ಅವನಿಗೆ ಮೊದಲಿಂದಲೂ ಪ್ರೀತಿ. ಖರೆ ಕಾಣಲಿ ಎಂದು ಮನೆಯಲ್ಲೂ ಹೇಳದೆ, ಅಂಗಡಿ ಮುಂದಿನ ಮಂದಿಯೆದುರೇ ಆಂಬುಲೆನ್ಸು ಹತ್ತಿ ಬಂದ.

ಆಂಬುಲೆನ್ಸು, ಹಾಸಿಗೆ, ಆಕ್ಸಿಜನ್ ಎಲ್ಲ ಸರಿಯಾಯಿತು. ನಾವು ಬೀಗುತ್ತಿದ್ದಂತೆ ಗೇಟಿಗೆ ಒಂದು ಟಂಟಂ ಆಟೋ ಬಂತು, ಹಿಂದೆಯೇ ಇನ್ನೊಂದು. ಸಂಗಪ್ಪನ ಹೆಂಡತಿ ನೀಲವ್ವ, ಬೀಗರು, ಓಣಿಯ ಮಂದಿ, ಎಲ್ಲರ ಕೈಯಲ್ಲೂ ರೊಟ್ಟಿ ಬುತ್ತಿ. ದವಾಖಾನೆ ಸೇರಿದವರನ್ನು ಮಾತಾಡಿಸಿ ಬರದಿದ್ದರೆ ನಮ್ಮ ಕಡೆ ನಂಟಸ್ತನ ಉಳಿಯುತ್ತದೆಯೇ? ನಮ್ಮ ಯೋಜನೆಯಲ್ಲಿ ರೋಗವಿತ್ತು, ಬೀಗರಿರಲಿಲ್ಲ. ಗದ್ದಲ ಕೇಳಿ ರೋಗಿಯೇ ಎದ್ದು ಬಂದು ರೊಟ್ಟಿ ಮುರಿದ. ನೀಲವ್ವ ಅಳುವುದು ಬಿಟ್ಟು ಬೈಯತೊಡಗಿದಳು. ಡಾಕ್ಟರಮ್ಮ ಅಂದೇ ಗೇಟು ಮುಚ್ಚಿಸಿ, ಮಾತಾಡಿಸಲು ಬರುವವರಿಗೆ ವಾರ್ಡಿನ ಕಿಟಕಿಯಾಚೆ, ಬೇವಿನ ಮರದ ಕೆಳಗೆ ಜಾಗ ಮಾಡಿಸಿದರು.

ಮುಂದಿನ ಅಲೆಯಲ್ಲಿ ಸಂಗಪ್ಪ ಅಂಗಡಿಯಲ್ಲೇ ಕುಸಿದ. ಅದೇ ಆಂಬುಲೆನ್ಸು ತಂದು ಅದೇ ಹಾಸಿಗೆಯಲ್ಲಿ ಮಲಗಿಸಿತು. ಈಗ ಉಸಿರಿಗೆ ಖರೇನೇ ಒದ್ದಾಡುತ್ತಿದ್ದ. ಕಣ್ಣು ಮಾತ್ರ ಕಿಟಕಿಯ ಕಡೆ. ಬೇವಿನ ಮರದ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ನೀಲವ್ವನಿಗೆ ಫೋನು ಮಾಡಿದೆ.

"ಅಣ್ಣಾರ, ಒಮ್ಮಿ ಮಂಗ್ಯಾ ಆಗೇವಿ, ಸಾಕ್ರಿ. ನಾಟಕ ಮುಗಿಸಿ ಮನಿಗೆ ಬರ್ರಿ ಅಂತ ಹೇಳ್ರಿ ಅವರಿಗೆ," ಎಂದು ಫೋನಿಟ್ಟಳು.

ಮತ್ತೆ ಫೋನು ಹಚ್ಚಿ ಸಂಗಪ್ಪನ ಮೂಗಿನ ಹತ್ತಿರ ಹಿಡಿದೆ. ಆ ಕಡೆ ಬೈಗುಳ ಶುರುವಾದದ್ದು ಅರ್ಧಕ್ಕೇ ನಿಂತಿತು.

ಆಮೇಲೆ ಅವಳು ಆ ಮರದ ಕೆಳಗಿಂದ ಕದಲಲಿಲ್ಲ. ಕಿಟಕಿಯಿಂದಲೇ ಗಂಡನನ್ನು ಬೈದು ಬೈದು ಉಳಿಸಿಕೊಂಡಳು. ಡಾಕ್ಟರಮ್ಮನ ಔಷಧಿಯೂ ಸ್ವಲ್ಪ ಕೆಲಸ ಮಾಡಿರಬೇಕು.

ಮೊನ್ನೆ ಮತ್ತೆ ಅಣಕು ಪರೀಕ್ಷೆಯಿತ್ತು, ರೋಗಿ ಮತ್ತೆ ಸಂಗಪ್ಪನೇ. ವಾಸನೆಯ ಬೆನ್ನು ಹತ್ತಿ ಹೊರಗೆ ಹೋದರೆ ನೀಲವ್ವ ಮರದ ಕೆಳಗೆ ಬುತ್ತಿ ಹಿಡಿದು ನಿಂತಿದ್ದಾಳೆ. ಇದು ಸುಳ್ಳು ಅಂತ ಗೊತ್ತಿಲ್ಲವೇ ಎಂದು ಕೇಳಿದೆ.

"ಗೊತ್ತೈತ್ರಿ ಅಣ್ಣಾರ. ಸುಳ್ಳಿಗೆ ಸಾವಿರ ಸಲ ಬರ್ತೇನಿ. ಖರೇದಕ್ಕ ಒಮ್ಮಿ ತಪ್ಪಿಸಿದ್ದ ಸಾಕು."

ಅಂದಿನ ಮೀಟಿಂಗಿನಲ್ಲಿ ನಾನು ತಲೆಯಾಡಿಸಲಿಲ್ಲ. ಮೊದಲು ಆ ಮರದ ಕೆಳಗೊಂದು ಬೆಂಚು ಹಾಕಿಸಿ ಎಂದೆ.