ಕೆಂಪು ಗೀಟು ಹಾಕಿಸಿದ ಪಾಠ

ತೊಂಬತ್ತರ ದಶಕದ ಮೊದಲಲ್ಲಿ ಹಾಸನದ ಕಾಲೇಜೊಂದಕ್ಕೆ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಸೇರಿದಾಗ, ನನ್ನಷ್ಟು ಓದಿದವನು ಜಿಲ್ಲೆಯಲ್ಲೇ ಇಲ್ಲ ಅಂತ ತಿಳಿದಿದ್ದೆ. ಅಧಿಕಪ್ರಸಂಗಿ! ನನ್ನ ವಿಭಾಗದ ಹಿರಿಯರೊಬ್ಬರು ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹಳದಿ ಬಿದ್ದ ನೋಟ್ಸ್ ಹಿಡಿದು ರೋಗನಿರೋಧದ ಪಾಠ ಮಾಡುವರು. "ರೋಗಾಣುವಿನ ಮೇಲೆ ಬೀಳೋ ಟಿ ಜೀವಕೋಶಗಳಿವೆ. ಅವು ನಮ್ಮ ಮೈಮೇಲೇ ಬೀಳದ ಹಾಗೆ ತಡೆಯೋ ಟಿ ಜೀವಕೋಶಗಳೂ ಇವೆ, ಬರ್ಕೊಳ್ಳಿ."

ನಾನು ತಂದ ಹೊಸ ಪುಸ್ತಕದಲ್ಲಿ ಆ ತಡೆಯುವ ಕೋಶಗಳೇ ಇರಲಿಲ್ಲ. ಅವನ್ನು ಬೇರ್ಪಡಿಸಿ ತೋರಿಸಲು ಯಾರಿಂದಲೂ ಆಗದೆ ವಿಜ್ಞಾನಿಗಳು ಕೈಬಿಟ್ಟಿದ್ದರಂತೆ. ಸರಿ, ತರಗತಿಗೆ ನುಗ್ಗಿ, ಅವರು ಬರೆಸಿದ್ದ ನೋಟ್ಸಿನ ಆ ಪುಟಕ್ಕೆ ಎಲ್ಲರಿಂದಲೂ ಕೆಂಪು ಗೀಟು ಹಾಕಿಸಿದೆ. ಅರಕಲಗೂಡು ಕಡೆಯ ಹುಡುಗಿಯೊಬ್ಬಳು ಎದ್ದು, "ಸಾ, ಪರೀಕ್ಷೆಗೆ ಯಾವ್ದುನ್ನ ಬರೀಬೇಕು, ಅದೊಂದ್ ಏಳ್ಬುಡಿ" ಅಂದಳು. ಇವರಿಗೆ ಇನ್ನೇನೂ ಬೇಡ!

ಮಾತು ಪ್ರಿನ್ಸಿಪಾಲರವರೆಗೆ ಹೋಗಿ, ಆ ಪಾಠವನ್ನು ಹಿರಿಯರಿಂದ ಕಿತ್ತು ನನಗೆ ಕೊಟ್ಟರು. ನಿವೃತ್ತರಾಗುವವರೆಗೂ ಅವರಿಗೆ ಎರೆಹುಳು, ಜಿರಳೆಯ ಪಾಠವೇ ಗತಿ. ಒಂದು ಸಲವಾದರೂ ಬೈಯಬಾರದೇ ಆ ಮನುಷ್ಯ? "ಕಾಫಿ ಆಯ್ತೇನಯ್ಯಾ?" ಅಂತ ಕೇಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತು ಹನ್ನೆರಡು ವರ್ಷ ಕಳೆದು ಹೊಸ ಪಠ್ಯ ಬಂತು. ತೆಗೆದು ನೋಡುತ್ತೇನೆ, ತಡೆಯುವ ಕೋಶಗಳು ಹೊಸ ಹೆಸರಿಟ್ಟುಕೊಂಡು ಕೂತಿವೆ! ನಿಯಂತ್ರಕ ಟಿ ಜೀವಕೋಶಗಳಂತೆ. ಥೂ, ನನ್ನ ಕರ್ಮವೇ! ಅವು ಇಲ್ಲವೇ ಇಲ್ಲ ಅಂತ ಎಷ್ಟು ಬ್ಯಾಚುಗಳ ತಲೆಗೆ ತುಂಬಿದ್ದೆನೋ.

ಪುಸ್ತಕ ಹಿಡಿದು ಹೊಳೆನರಸೀಪುರಕ್ಕೆ ಹೋದೆ. ಸಂಧಿವಾತದಿಂದ ಅವರ ಬೆರಳುಗಳೆಲ್ಲ ಸೊಟ್ಟಗಾಗಿದ್ದವು. "ತಪ್ಪಾಯ್ತು ಸಾರ್. ನೀವು ಹೇಳಿದ್ದೇ ಸರಿ" ಅಂದೆ.

ಅವರು ನನ್ನಿಂದ ಆ ಅಧ್ಯಾಯ ಪೂರ್ತಿ ಓದಿಸಿ ಕೇಳಿಸಿಕೊಂಡರು. "ನಾನೂ ಪೂರಾ ಸರಿ ಇರ್ಲಿಲ್ಲ ಕಣಯ್ಯ. ಕೆಲಸ ಅದೇ ಆದ್ರೂ ನಾನು ಹೇಳ್ತಿದ್ದ ಕೋಶಗಳೇ ಬೇರೆ, ಇವೇ ಬೇರೆ" ಎಂದರು. ಆಗಲೂ ಬೈಯಲಿಲ್ಲ! ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಕೇಳಿದರು: "ಆ ಪಾಠ ಒಂದೇ ಒಂದು ಸಲ ನಾನು ಮಾಡ್ಲೇನಯ್ಯಾ?"

ಮುಂದಿನ ವಾರವೇ ನನ್ನ ತರಗತಿಗೆ ಬಂದರು. ಸೀಮೆಸುಣ್ಣ ಹಿಡಿಯಲು ಅವರಿಗೆ ಆಗದು. ಅವರು ಹೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆದೆ. ದಾಳಿ ಮಾಡುವ ಕೋಶಗಳು ಬೆಳೆಯಲು ಬೇಕಾದ ರಸವನ್ನು ನಿಯಂತ್ರಕ ಕೋಶಗಳು ತಾವೇ ಹೀರಿಬಿಡುತ್ತವೆ. ಸುಮ್ಮನಿರಿ ಎನ್ನುವ ಸಂಕೇತಗಳನ್ನೂ ಹೊರಡಿಸುತ್ತವೆ. ಶತ್ರುವನ್ನು ತೋರಿಸಿಕೊಡುವ ಕೋಶಗಳಿದ್ದಾವಲ್ಲ, ಅವನ್ನೂ ಮಂಕು ಮಾಡುತ್ತವೆ. ಹೀಗಾಗಿ ದೇಹ ತನ್ನದನ್ನು ತಾನು ಸಹಿಸಿಕೊಂಡಿರುತ್ತದೆ.

"ಇವು ಸೋತ್ರೆ ನಮ್ಮ ಕೋಶಗಳೇ ನಮ್ಮ ಕೀಲುಗಳ ಮೇಲೆ ಬೀಳ್ತವೆ. ಏನಾಗುತ್ತೆ, ನೋಡ್ಬೇಕಾ?" ಎಂದು ತಮ್ಮ ಎರಡೂ ಕೈ ಎತ್ತಿ ತೋರಿಸಿದರು. ಮುಂದಿನ ಬೆಂಚಿನವರು ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: "ಸಾ, ಇದು ಪರೀಕ್ಷೆಗೆ ಬತ್ತದಾ?"

ಅವರು ನಕ್ಕುಬಿಟ್ಟರು. ನನಗೆ ಎಲ್ಲಿತ್ತೋ ಸಿಟ್ಟು. "ಬರುತ್ತೆ! ಒಂದಕ್ಷರ ಬಿಡದೆ ಬರ್ಕೊಳ್ರೋ!" ಎಂದು ಕಿರುಚಿ, ಒದ್ದೆಯಾದ ಕಣ್ಣು ಯಾರಿಗೂ ಕಾಣದಂತೆ ಬೋರ್ಡಿನ ಕಡೆ ತಿರುಗಿಕೊಂಡೆ.

"ಹೇಳಿ ಸಾರ್" ಅಂದೆ, "ಮುಂದೇನು ಬರೀಲಿ?"